ಹತ್ತು ಗಂಟೆಯ ಗಡಿಯಾರ: ‘ಮೆಟ್ರೊಪೊಲಿಸ್’ ಚಲಚ್ಚಿತ್ರದಲ್ಲಿ ಧನಿಕ-ದರಿದ್ರ ಭೇದದ ನಿರೂಪಣೆ

೧

ಮುಂದೆ ಬರಲಿರುವ ಕಾಲವನ್ನು ಸುಖದ ಕಾಲವೆಂದು ಕಲ್ಪಿಸದೆ ಸಂಕಟದ ಕಾಲವೆಂದು ಕಲ್ಪಿಸುವ ವೈಜ್ಞಾನಿಕ ಕಥೆಗಳು ಚಲಚ್ಚಿತ್ರ ಪ್ರಪಂಚದಲ್ಲಿ ಈಗ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದು ನಿಂತಿವೆ. ಇವುಗಳಲ್ಲಿ ಅನೇಕ ಚಿತ್ರಗಳ ವಸ್ತು ಒಂದೇ: ಸಮಾಜದ ಸಂಪತ್ತೆಲ್ಲ ಕೆಲವರ ಕೈಸೇರಿ, ಉಳಿದವರು ಆ ಕೆಲವರ ಸುಖಕ್ಕಾಗಿ ದುಡಿಯುವ ಸ್ಥಿತಿ. ಧನಿಕರು ಗಗನಚುಂಬಿ ಸೌಧಗಳಲ್ಲಿ, ದರಿದ್ರರು ನೆಲದಡಿಯಲ್ಲಿ. ಧನಿಕರು ರೈಲುಗಾಡಿಯ ಮುಂಭಾಗದಲ್ಲಿ, ದರಿದ್ರರು ಬಾಲದಲ್ಲಿ. ಧನಿಕರು ಅಂತರಿಕ್ಷದಲ್ಲಿ, ದರಿದ್ರರು ಭೂಮಿಯಲ್ಲಿ. ಈ ಚಿತ್ರಗಳನ್ನು ಸಾಮಾಜಿಕ ಟೀಕೆಯೆಂದು ಹೊಗಳುವವರು ಸಾಮಾನ್ಯವಾಗಿ ಈ ಅಂತರದ ಚಿತ್ರಣವನ್ನೇ ಆಧಾರವಾಗಿ ತೆಗೆದುಕೊಳ್ಳುತ್ತಾರೆ. ಅಂತರವು ಎಷ್ಟು ಭಯಂಕರವಾಗಿ ಕಾಣುವುದೋ ಟೀಕೆಯೂ ಅಷ್ಟೇ ತೀಕ್ಷ್ಣವಾದುದೆಂಬುದು ಅವರ ಮತ.

ಈ ಮತವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಇತಿಹಾಸದ ವಿದ್ಯಾರ್ಥಿಗೆ ಆರ್ಥಿಕ ಅಸಮಾನತೆಯೆಂದರೆ ದುಡಿಸುವವನಿಗೂ ದುಡಿಯುವವನಿಗೂ ನಡುವೆ ಏರ್ಪಟ್ಟಿರುವ ಒಂದು ಸಂಬಂಧ. ಆ ಸಂಬಂಧಕ್ಕೆ ಕರಾರುಗಳುಂಟು: ದಿನಕ್ಕೆ ಎಷ್ಟು ಹೊತ್ತು ದುಡಿಯಬೇಕು, ಕೂಲಿ ಎಷ್ಟು, ಕೆಲಸದಿಂದ ತೆಗೆಯುವ ಅಧಿಕಾರ ಯಾರದು, ಈ ಕರಾರುಗಳನ್ನು ಬರೆಯುವವರು ಯಾರು. ಒಂದು ಚಲಚ್ಚಿತ್ರವು ಕಥೆಯ ಮೊದಲ ಭಾಗದಲ್ಲಿ ಇಂಥ ಒಂದು ಕರಾರನ್ನು ಸಂಕಟದ ಮೂಲವೆಂದು ತೋರಿಸಿ, ಕಡೆಯಲ್ಲಿ ಜಗಳವನ್ನು ಬಗೆಹರಿಸುವಾಗ ಅದೇ ಕರಾರಿನ ವಿಷಯವನ್ನು ಎತ್ತುತ್ತದೆಯೇ, ಅಥವಾ ಬೇರೇನನ್ನೋ ಮುಂದಿಟ್ಟು ಅದನ್ನು ಮರೆಸುತ್ತದೆಯೇ ಎಂಬುದೇ ನಮ್ಮ ಒರೆಗಲ್ಲು. ಈ ಪ್ರಕಾರದ ಎಲ್ಲ ಚಿತ್ರಗಳಿಗೂ ಮೇಲ್ಪಂಕ್ತಿಯೆನಿಸಿದ ‘ಮೆಟ್ರೊಪೊಲಿಸ್’ ಎಂಬ ಜರ್ಮನ್ ಮೂಕಿಚಿತ್ರವನ್ನು ಈ ಒರೆಗಲ್ಲಿನ ಮೇಲೆ ತಿಕ್ಕಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೨

ಚಿತ್ರದ ಗುಣದೋಷಗಳನ್ನು ಚರ್ಚಿಸುವ ಮೊದಲು ಅದರ ಪಾಠದ ವಿಷಯವಾಗಿ ಕೆಲವು ಮಾತುಗಳನ್ನು ಹೇಳುವುದು ಆವಶ್ಯಕ. ‘ಮೆಟ್ರೊಪೊಲಿಸ್’ ಚಿತ್ರದ ನಿರ್ದೇಶಕ ಫ್ರಿಟ್ಸ್ ಲಾಂಗ್. ಕಥೆ ಅವನ ಪತ್ನಿ ಥೇಯಾ ಫಾನ್ ಹಾರ್ಬೋ ಬರೆದದ್ದು. ಊಫಾ ಎಂಬ ಸಂಸ್ಥೆಯವರು ಬರ್ಲಿನ್ ನಗರದ ಬಳಿಯ ಬಾಬೆಲ್ಸ್‌ಬರ್ಗಿನಲ್ಲಿದ್ದ ತಮ್ಮ ಸ್ಟುಡಿಯೋದಲ್ಲಿ ೧೯೨೫ರ ಮೇ ತಿಂಗಳಿನಿಂದ ೧೯೨೬ರ ಅಕ್ಟೋಬರ್‌ವರೆಗೆ ಇದನ್ನು ಚಿತ್ರೀಕರಿಸಿದರು. ತಗುಲಿದ ವೆಚ್ಚ ೫೦ ಲಕ್ಷ ಮಾರ್ಕುಗಳಿಗೂ ಮೀರಿದುದು. ೧೯೨೭ರ ಜನವರಿ ೧೦ರಂದು ಬರ್ಲಿನಿನಲ್ಲಿ ಮೊದಲ ಪ್ರದರ್ಶನವಾಯಿತು. ಹಾಕಿದ ಹಣ ಹಿಂದಕ್ಕೆ ಬರಲಿಲ್ಲ. ಸಾಲದಲ್ಲಿ ಮುಳುಗಿದ ಸಂಸ್ಥೆಯು ಅದೇ ವರ್ಷ ಪತ್ರಿಕೋದ್ಯಮಿ ಆಲ್ಫ್ರೆಡ್ ಹೂಗೆನ್‌ಬರ್ಗನ ವಶವಾಯಿತು.

ಮೊದಲ ದಿನ ತೋರಿಸಿದ ಚಿತ್ರದ ಉದ್ದ ೪,೧೮೯ ಮೀಟರ್. ಅದನ್ನು ಕತ್ತರಿಸಿ ೩,೨೪೧ ಮೀಟರಿಗೆ ಇಳಿಸಲಾಯಿತು. ಅಮೆರಿಕದಲ್ಲಿ ಚಾನಿಂಗ್ ಪಾಲಕ್ ಎಂಬ ನಾಟಕಕಾರನು ಕಥೆಯನ್ನೇ ಮಾರ್ಪಡಿಸಿ, ಬರಹದ ಫಲಕಗಳನ್ನು ಹೊಸದಾಗಿ ಬರೆದನು. ಹೀಗಾಗಿ ಜರ್ಮನಿಯ ಹೊರಗಿನ ವಿಮರ್ಶಕರು ಬಹುಮಟ್ಟಿಗೆ ಮೊಟಕಾದ ಚಿತ್ರವನ್ನೇ ನೋಡಿ ತಮ್ಮ ಅಭಿಪ್ರಾಯಗಳನ್ನು ಬರೆದರು. ಕಳೆದುಹೋಯಿತೆಂದೇ ಎಣಿಸಿದ್ದ ಭಾಗಗಳಲ್ಲಿ ಹೆಚ್ಚಿನವು ೨೦೦೮ರಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದ ಚಲಚ್ಚಿತ್ರ ವಸ್ತುಸಂಗ್ರಹಾಲಯದಲ್ಲಿ, ಸವೆದು ಗೀರುಬಿದ್ದ ೧೬ ಮಿಲಿಮೀಟರ್ ಪ್ರತಿಯೊಂದರಲ್ಲಿ ದೊರೆತವು. ಸುಮಾರು ೨೫ ನಿಮಿಷಗಳ ಈ ಭಾಗಗಳನ್ನು ಸೇರಿಸಿ ಸಿದ್ಧಪಡಿಸಿದ ಚಿತ್ರವನ್ನು ೨೦೧೦ರ ಫೆಬ್ರುವರಿಯಲ್ಲಿ ಬರ್ಲಿನ್ ಚಲಚ್ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ನಮ್ಮ ಚರ್ಚೆಯು ಈ ಪಾಠವನ್ನು ಆಧರಿಸಿದೆ.

೩

ಕಥೆಯ ಸಾರ ಇಷ್ಟು. ಮೆಟ್ರೊಪೊಲಿಸ್ ಎಂಬ ಮಹಾನಗರದ ಒಡೆಯ ಯೊ ಫ್ರೇಡರ್ಸನ್. ಅವನ ಮಗ ಫ್ರೇಡರ್ ಮೇಲಿನ ಉದ್ಯಾನಗಳಲ್ಲಿ ವಿಹರಿಸುತ್ತಿರುವಾಗ, ಮರಿಯಾ ಎಂಬ ತರುಣಿಯು ನೆಲದಡಿಯ ಕಾರ್ಮಿಕರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾಳೆ. ಅವಳನ್ನು ಹುಡುಕುತ್ತ ಯಂತ್ರಶಾಲೆಗೆ ಇಳಿದ ಫ್ರೇಡರನು ದುಡಿಮೆಯ ಘೋರವನ್ನು ಕಣ್ಣಾರೆ ಕಾಣುತ್ತಾನೆ. ಮರಿಯಾ ಕಾರ್ಮಿಕರಿಗೆ ತಾಳ್ಮೆಯನ್ನು ಬೋಧಿಸುತ್ತ, ತಲೆಗೂ ಕೈಗಳಿಗೂ ನಡುವೆ ಹೃದಯವು ಮಧ್ಯಸ್ಥನಾಗಿ ಬರುವನೆಂದು ಆಶ್ವಾಸನೆ ಕೊಡುತ್ತಾಳೆ. ಒಡೆಯನ ಆಣತಿಯಂತೆ ರೋಟ್‌ವಾಂಗ್ ಎಂಬ ವಿಜ್ಞಾನಿಯು ಯಂತ್ರಮಾನವಿಯೊಂದಕ್ಕೆ ಮರಿಯಾಳ ರೂಪವನ್ನು ಕೊಡುತ್ತಾನೆ. ಈ ಕೃತಕ ಮರಿಯಾ ಕಾರ್ಮಿಕರನ್ನು ದಂಗೆಯೆಬ್ಬಿಸುತ್ತಾಳೆ. ಯಂತ್ರಗಳು ನಾಶವಾಗಿ ಕೆಳಗಿನ ನಗರಕ್ಕೆ ನೀರು ನುಗ್ಗುತ್ತದೆ. ಮಕ್ಕಳು ಹೇಗೋ ಉಳಿಯುತ್ತಾರೆ. ಕೊನೆಯಲ್ಲಿ ಚರ್ಚಿನ ಬಾಗಿಲಲ್ಲಿ ಫ್ರೇಡರನು ಒಡೆಯನ ಕೈಯನ್ನೂ ಕಾರ್ಮಿಕರ ಮೇಸ್ತ್ರಿ ಗ್ರೋಟನ ಕೈಯನ್ನೂ ಹಿಡಿದು ಕೂಡಿಸುತ್ತಾನೆ.

ಚಿತ್ರದ ಬಲವಿರುವುದು ಮೊದಲ ಭಾಗದಲ್ಲಿ. ಆರಂಭದಲ್ಲೇ ಒಂದು ಗಡಿಯಾರ ಕಾಣಿಸುತ್ತದೆ. ಅದರ ಮುಖದಲ್ಲಿ ಹನ್ನೆರಡು ಅಂಕೆಗಳಿಲ್ಲ, ಹತ್ತೇ ಇವೆ. ಪಾಳಿ ಬದಲಾಗುವಾಗ ಕೆಲಸಕ್ಕೆ ಹೋಗುವವರ ಸಾಲೂ ಮುಗಿಸಿ ಬರುವವರ ಸಾಲೂ ತಲೆ ತಗ್ಗಿಸಿಕೊಂಡು ಎದುರುಬದುರಾಗಿ ಸಾಗುತ್ತವೆ. ಬರುವವರ ಹೆಜ್ಜೆ ಹೋಗುವವರ ಹೆಜ್ಜೆಗಿಂತ ಅರ್ಧದಷ್ಟು ನಿಧಾನ. ಹತ್ತು ಗಂಟೆಗಳ ದುಡಿಮೆಯು ಮನುಷ್ಯನಿಂದ ಏನನ್ನು ಕಿತ್ತುಕೊಳ್ಳುತ್ತದೆಂಬುದನ್ನು ಮಾತಿಲ್ಲದೆ, ನಡಿಗೆಯ ವೇಗ ಒಂದರಿಂದಲೇ ಇಷ್ಟು ಸ್ಪಷ್ಟವಾಗಿ ತಿಳಿಸಿದ ದೃಶ್ಯ ವಿರಳ. ಮುಂದೆ ಫ್ರೇಡರನು ೧೧೮೧೧ ಎಂಬ ಸಂಖ್ಯೆಯ ಕಾರ್ಮಿಕನ ಬಟ್ಟೆಯನ್ನು ತೊಟ್ಟು ಅವನ ಸ್ಥಾನದಲ್ಲಿ ನಿಲ್ಲುತ್ತಾನೆ. ದೊಡ್ಡ ಚಕ್ರದ ಸುತ್ತ ಹೊತ್ತಿಕೊಳ್ಳುವ ದೀಪಗಳ ಕಡೆಗೆ ಮುಳ್ಳುಗಳನ್ನು ತಿರುಗಿಸುತ್ತಲೇ ಇರುವುದು ಅಲ್ಲಿಯ ಕೆಲಸ. ಬಳಲಿಕೆಯಿಂದ ಕಣ್ಣು ಮಸುಕಾದಾಗ ಆ ಚಕ್ರವೇ ಅವನಿಗೆ ಹತ್ತು ಅಂಕೆಯ ಗಡಿಯಾರವಾಗಿ ಕಾಣುತ್ತದೆ. ಹತ್ತು ಗಂಟೆಗಳಿಗೆ ಕೊನೆಯೇ ಇಲ್ಲವೆ ಎಂದು ಅವನು ತಂದೆಯನ್ನು ಕೂಗಿ ಕೇಳುತ್ತಾನೆ.

ಈ ಹತ್ತು ಎಂಬ ಅಂಕೆಯ ಮೇಲೆ ಇತಿಹಾಸಕಾರನ ದೃಷ್ಟಿ ನಿಲ್ಲಲೇಬೇಕು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತು ಚಕ್ರಾಧಿಪತ್ಯವು ಕುಸಿದೊಡನೆ, ೧೯೧೮ರ ನವೆಂಬರ್ ೧೫ರಂದು, ಉದ್ಯಮಪತಿಗಳ ಪರವಾಗಿ ಹೂಗೋ ಷ್ಟಿನ್ನೆಸನೂ ಕಾರ್ಮಿಕ ಸಂಘಗಳ ಪರವಾಗಿ ಕಾರ್ಲ್ ಲೇಗೀನನೂ ಒಂದು ಒಪ್ಪಂದಕ್ಕೆ ಬಂದರು. ಕಾರ್ಮಿಕ ಸಂಘಗಳಿಗೆ ಮಾನ್ಯತೆ, ಸಾಮೂಹಿಕ ಕರಾರುಗಳು, ಕೂಲಿಯಲ್ಲಿ ಕಡಿತವಿಲ್ಲದೆ ದಿನಕ್ಕೆ ಎಂಟು ಗಂಟೆಗಳ ದುಡಿಮೆ—ಇವು ಅದರ ಮುಖ್ಯ ಅಂಶಗಳು. ಅದೇ ತಿಂಗಳ ೨೩ರಂದು ಎಂಟು ಗಂಟೆಯ ದಿನವು ಸರ್ಕಾರದ ಆಜ್ಞೆಯಾಗಿಯೂ ಹೊರಬಿದ್ದಿತು. ದಶಕಗಳ ಕಾಲ ಹೋರಾಡಿದ ಬೇಡಿಕೆಯೊಂದು ಹೀಗೆ ಕೈಗೂಡಿತು.

ಆದರೆ ಐದೇ ವರ್ಷಗಳಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. ೧೯೨೩ರ ಹಣದುಬ್ಬರದಲ್ಲಿ ಮಾರ್ಕಿನ ಬೆಲೆ ಪಾತಾಳಕ್ಕಿಳಿದು, ನವೆಂಬರಿನ ಹೊತ್ತಿಗೆ ಒಂದು ಡಾಲರಿಗೆ ೪,೨೦,೦೦೦ ಕೋಟಿ ಮಾರ್ಕುಗಳಾದವು. ಕಾರ್ಮಿಕ ಸಂಘಗಳ ಬೊಕ್ಕಸ ಬರಿದಾಯಿತು. ಯಂತ್ರ, ಗಣಿ, ಕಟ್ಟಡಗಳನ್ನು ಉಳ್ಳವರ ಆಸ್ತಿ ಮಾತ್ರ ಉಳಿಯಿತು. ಈ ದುರ್ಬಲ ಸ್ಥಿತಿಯಲ್ಲಿ, ೧೯೨೩ರ ಡಿಸೆಂಬರ್ ೨೧ರಂದು, ದುಡಿಮೆಯ ವೇಳೆಯನ್ನು ಕುರಿತ ಹೊಸ ಶಾಸನವು ಬಂದಿತು. ಎಂಟು ಗಂಟೆಯ ನಿಯಮವನ್ನು ಹೆಸರಿಗೆ ಉಳಿಸಿಕೊಂಡು, ಹತ್ತು ಗಂಟೆಗಳವರೆಗೆ ದುಡಿಸಿಕೊಳ್ಳಲು ಅದು ಅವಕಾಶ ಕೊಟ್ಟಿತು.

ಲಾಂಗ್ ಮತ್ತು ಹಾರ್ಬೋ ಈ ಶಾಸನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಗಡಿಯಾರವನ್ನು ಕಲ್ಪಿಸಿದರೆಂಬುದು ನಮ್ಮ ವಾದವಲ್ಲ. ನಮ್ಮ ವಾದ ಅದಕ್ಕಿಂತ ಮಿತವಾದುದು. ೧೯೨೭ರಲ್ಲಿ ಬರ್ಲಿನಿನ ಚಿತ್ರಮಂದಿರದಲ್ಲಿ ಕುಳಿತ ಕಾರ್ಮಿಕನಿಗೆ ಹತ್ತು ಎಂಬುದು ದೂರದ ಭವಿಷ್ಯತ್ತಿನ ವಿಚಿತ್ರ ಸಂಖ್ಯೆಯಾಗಿರಲಿಲ್ಲ. ಅವನು ಎಂಟನ್ನು ಗಳಿಸಿ ಹತ್ತಕ್ಕೆ ಮರಳಿ ಮೂರು ವರ್ಷಗಳಾಗಿದ್ದವು, ಅಷ್ಟೆ. ಭವಿಷ್ಯತ್ತಿನ ಹೆಸರಿನಲ್ಲಿ ಚಿತ್ರವು ತೋರಿಸಿದ್ದು ಅವನ ಇಂದಿನ ಕರಾರನ್ನೇ. ಆದ್ದರಿಂದ ಗಡಿಯಾರದ ದೃಶ್ಯಗಳನ್ನು ಅಂದಿನ ಜರ್ಮನಿಯ ವರ್ಗಸಂಬಂಧಗಳಿಗೆ ಸಾಕ್ಷ್ಯವೆಂದು ಸ್ವೀಕರಿಸಲು ಅಡ್ಡಿಯಿಲ್ಲ.

೪

ಇನ್ನು ಚಿತ್ರದ ಮುಕ್ತಾಯವನ್ನು ನೋಡೋಣ. ಒಡೆಯನೂ ಕಾರ್ಮಿಕರೂ ಕೈಕುಲುಕುತ್ತಾರೆ. ಯಾವ ಷರತ್ತಿನ ಮೇಲೆ? ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಹತ್ತು ಗಂಟೆಗಳು ಎಂಟಾಗುತ್ತವೆಯೇ? ಕೆಳಗಿನ ನಗರದವರು ಮೇಲಕ್ಕೆ ಬಂದು ವಾಸಿಸುವರೇ? ಯಂತ್ರಗಳು ಇನ್ನು ಮುಂದೆ ಯಾರ ಸೊತ್ತು? ಒಂದು ಮಾತೂ ಇಲ್ಲ. ಮೊದಲ ಭಾಗದಲ್ಲಿ ಪ್ರೇಕ್ಷಕನ ಎದೆಯ ಮೇಲೆ ಕುಳಿತಿದ್ದ ಗಡಿಯಾರವು ಕೊನೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಚರ್ಚಿನ ಮೆಟ್ಟಿಲುಗಳ ಮುಂದೆ ಕಾರ್ಮಿಕರು ತ್ರಿಕೋಣಾಕಾರವಾಗಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಂದು ನಿಲ್ಲುತ್ತಾರೆ. ಪಾಳಿಗೆ ಹೋಗುವಾಗಿನ ಶಿಸ್ತೇ ಇಲ್ಲಿಯೂ ಇದೆ.

ಕಾರ್ಮಿಕರ ಪರವಾಗಿ ಕೈ ಚಾಚುವವನು ಯಾರೆಂಬುದೂ ಗಮನಾರ್ಹ. ಗ್ರೋಟನು ನಗರಕ್ಕೆಲ್ಲ ಶಕ್ತಿಯನ್ನೊದಗಿಸುವ ಹೃದಯಯಂತ್ರದ ಮೇಸ್ತ್ರಿ. ಅಪಘಾತದಲ್ಲಿ ಸತ್ತ ಕಾರ್ಮಿಕರ ಜೇಬುಗಳಲ್ಲಿ ದೊರೆತ ಗುಪ್ತ ನಕ್ಷೆಗಳನ್ನು ತಂದು ಒಡೆಯನಿಗೆ ಒಪ್ಪಿಸಿದವನು ಇವನೇ. ಆ ಸುದ್ದಿಯನ್ನು ತಾನೇ ಮೊದಲು ತರಲಿಲ್ಲವೆಂಬ ಕಾರಣಕ್ಕೆ ಯೋಸಾಫಾಟ್ ಎಂಬ ಗುಮಾಸ್ತನು ಕೆಲಸ ಕಳೆದುಕೊಂಡು, ಆ ಕ್ಷಣವೇ ಆತ್ಮಹತ್ಯೆಗೆ ಮನಸ್ಸು ಮಾಡುತ್ತಾನೆ. ದಂಗೆಯೆದ್ದವರು ಬಂದಾಗ ಹೃದಯಯಂತ್ರದ ಬಾಗಿಲನ್ನು ತೆರೆಯೆಂದು ಗ್ರೋಟನಿಗೆ ಆಜ್ಞೆ ಕೊಟ್ಟವನೂ ಒಡೆಯನೇ. ಕಾರ್ಮಿಕರು ಬಲಪ್ರಯೋಗ ಮಾಡಿದರೆ ತಾನೂ ಬಲಪ್ರಯೋಗ ಮಾಡಲು ನೆಪ ಸಿಕ್ಕುವುದೆಂಬುದು ಅವನ ಹಂಚಿಕೆ. ಈ ಎಲ್ಲ ವಿವರಗಳನ್ನು ಪ್ರಾಮಾಣಿಕವಾಗಿ ತೋರಿಸಿದ ಚಿತ್ರವೇ ಕೊನೆಗೆ ಅವುಗಳ ಮೇಲೆ ಒಂದು ಭಾವುಕತೆಯ ಮುಸುಕನ್ನು ಹೊದಿಸುತ್ತದೆ. ಕಾರ್ಮಿಕರು ತಮ್ಮ ಪ್ರತಿನಿಧಿಯನ್ನು ಆರಿಸಲಿಲ್ಲ. ಮಧ್ಯಸ್ಥನಾದ ಫ್ರೇಡರನು ಒಡೆಯನ ಮಗ, ಅವನ ಉತ್ತರಾಧಿಕಾರಿ.

ಇತಿಹಾಸದ ಬೆಳಕಿನಲ್ಲಿ ಈ ಮುಕ್ತಾಯದ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಬಂಡವಾಳಗಾರನೂ ಕಾರ್ಮಿಕನೂ ಕೈಕುಲುಕುವ ಪ್ರಯೋಗವು ಜರ್ಮನಿಯಲ್ಲಿ ೧೯೧೮ರಲ್ಲೇ ನಡೆದಿತ್ತು. ಷ್ಟಿನ್ನೆಸ್ ಮತ್ತು ಲೇಗೀನರ ಒಪ್ಪಂದಕ್ಕೆ ಬರೆದಿಟ್ಟ ಷರತ್ತುಗಳಿದ್ದವು. ಅವುಗಳನ್ನು ನಡೆಸಲು ಎರಡೂ ಪಕ್ಷಗಳ ಜಂಟಿ ಮಂಡಲಿಯೊಂದಿತ್ತು. ಹಾಗಿದ್ದೂ, ಎಂಟು ಗಂಟೆಯ ಷರತ್ತು ಮುರಿದು ಬಿದ್ದ ಬಳಿಕ, ೧೯೨೪ರ ಜನವರಿಯಲ್ಲಿ ಪ್ರಮುಖ ಕಾರ್ಮಿಕ ಸಂಘಗಳ ಒಕ್ಕೂಟವು ಆ ಮಂಡಲಿಯಿಂದ ಹೊರಬಂದಿತು. ಚಿತ್ರೀಕರಣ ಆರಂಭವಾದಾಗ ಈ ಘಟನೆ ನಡೆದು ಒಂದು ವರ್ಷಕ್ಕೂ ಮಿಕ್ಕಿತ್ತು. ಷರತ್ತುಗಳುಳ್ಳ ಹಸ್ತಲಾಘವವೇ ಬಾಳದಿದ್ದ ಕಾಲದಲ್ಲಿ ಷರತ್ತುಗಳಿಲ್ಲದ ಹಸ್ತಲಾಘವವನ್ನು ಪರಿಹಾರವೆಂದು ಚಿತ್ರವು ಮುಂದಿಟ್ಟಿತು. ಇದನ್ನು ಕೇವಲ ಕಲಾದೋಷವೆಂದು ತಳ್ಳಿಹಾಕಲಾಗದು. ಸಂಕಟವನ್ನು ನಿಜವಾಗಿ ತೋರಿಸಿ, ಅದರ ಕಾರಣವನ್ನು ಪ್ರೇಕ್ಷಕನ ಕಣ್ಣಿನಿಂದ ಮರೆಮಾಡುವ ಕೆಲಸ ಇಲ್ಲಿ ನಡೆದಿದೆ.

೫

ಈ ಚಿತ್ರವನ್ನು ಕುರಿತು ಹಿಂದಿನವರು ಹೇಳಿರುವ ಅಭಿಪ್ರಾಯಗಳಲ್ಲಿ ಮೂರು ಮುಖ್ಯವಾದುವು. ೧೯೨೭ರಲ್ಲಿ ಹೆಚ್. ಜಿ. ವೆಲ್ಸ್‌ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಯಂತ್ರಗಳು ಬೆಳೆದಂತೆ ಬೆವರಿನ ದುಡಿಮೆ ಅನಾವಶ್ಯಕವಾಗುತ್ತದೆ; ರಾಶಿರಾಶಿಯಾಗಿ ತಯಾರಾದ ಸರಕನ್ನು ಕೊಳ್ಳಲು ಹಣವುಳ್ಳ ಜನರೂ ಬೇಕಾಗುತ್ತಾರೆ; ಆದ್ದರಿಂದ ಯಂತ್ರಗಳ ನಡುವೆ ಇಂಥ ಗುಲಾಮಗಿರಿ ಅಸಂಗತವೆಂಬುದು ಅವನ ಆಕ್ಷೇಪ. ಇದರ ಎರಡನೆಯ ಅಂಶಕ್ಕೆ ಚಿತ್ರದಲ್ಲಿ ಸಮಾಧಾನವಿಲ್ಲವೆಂಬುದು ನಿಜ. ಮೆಟ್ರೊಪೊಲಿಸಿನ ಯಂತ್ರಗಳು ಏನನ್ನು, ಯಾರಿಗಾಗಿ ತಯಾರಿಸುತ್ತವೆಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಆದರೆ ಮೊದಲನೆಯ ಅಂಶವನ್ನು ೧೯೨೩ರ ಶಾಸನವೇ ಸುಳ್ಳಾಗಿಸುತ್ತದೆ. ಯಂತ್ರಗಳು ಹೆಚ್ಚಿದ ಕಾಲದಲ್ಲೇ ಜರ್ಮನಿಯಲ್ಲಿ ದುಡಿಮೆಯ ವೇಳೆಯೂ ಹೆಚ್ಚಿತು. ಯಂತ್ರವು ಉಳಿಸಿದ ಕಾಲ ಯಾರ ಪಾಲಾಗಬೇಕೆಂಬುದನ್ನು ಯಂತ್ರವು ತೀರ್ಮಾನಿಸುವುದಿಲ್ಲ. ಅದು ಇಬ್ಬರ ಬಲಾಬಲಗಳ ಪ್ರಶ್ನೆ.

ಎರಡನೆಯದು ಝೀಗ್‌ಫ್ರೀಡ್ ಕ್ರಾಕವರನ ಅಭಿಪ್ರಾಯ. ಕೊನೆಯ ಹಸ್ತಲಾಘವದಿಂದ ಒಡೆಯನ ಅಧಿಕಾರಕ್ಕೆ ಕುಂದಾಗುವುದಿಲ್ಲ, ಕಾರ್ಮಿಕರ ಹೃದಯವನ್ನೂ ವಶಮಾಡಿಕೊಂಡು ಅದು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಅವನು ೧೯೪೭ರ ತನ್ನ ಗ್ರಂಥದಲ್ಲಿ ವಾದಿಸಿ, ಈ ಧೋರಣೆಗೂ ಗೊಬೆಲ್ಸನ ಪ್ರಚಾರತಂತ್ರಕ್ಕೂ ಸಾಮ್ಯವನ್ನು ಕಂಡನು. ೧೯೩೩ರ ಬಳಿಕ ನಡೆದುದನ್ನು ಬಲ್ಲವನ ಹಿನ್ನೋಟ ಇದರಲ್ಲಿ ಬೆರೆತಿರುವುದರಿಂದ ಎಚ್ಚರಿಕೆಯಿಂದ ಸ್ವೀಕರಿಸಬೇಕು. ಆದರೆ ಮುಕ್ತಾಯದ ವಿಷಯದಲ್ಲಿ ಅವನ ತೀರ್ಪು ಸರಿಯೆಂದೇ ನಮ್ಮ ಎಣಿಕೆ. ಮೂರನೆಯದು ಸ್ವತಃ ಲಾಂಗನದು. ೧೯೩೩ರಲ್ಲಿ ಜರ್ಮನಿಯನ್ನು ಬಿಟ್ಟು ಹೋದ ಅವನು, ಬಹುಕಾಲದ ಮೇಲೆ ಸಂದರ್ಶನವೊಂದರಲ್ಲಿ, ತಲೆ ಮತ್ತು ಕೈಗಳ ನಡುವೆ ಹೃದಯವನ್ನು ಮಧ್ಯಸ್ಥನನ್ನಾಗಿ ನಿಲ್ಲಿಸಿ ಸಾಮಾಜಿಕ ಚಿತ್ರವನ್ನು ಮಾಡಲಾಗದೆಂದು ಒಪ್ಪಿಕೊಂಡನು.

೬

ತಲೆ, ಕೈ, ಹೃದಯ ಎಂಬ ಈ ರೂಪಕ ಹಾರ್ಬೋಳ ಸೃಷ್ಟಿಯೇನಲ್ಲ. ಸಮಾಜವನ್ನು ಒಂದು ಶರೀರಕ್ಕೆ ಹೋಲಿಸಿ ಮೇಲುಕೀಳುಗಳನ್ನು ಸಮರ್ಥಿಸುವ ಪದ್ಧತಿ ಪ್ರಾಚೀನವಾದುದು. ಋಗ್ವೇದದ ಪುರುಷಸೂಕ್ತವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಶ್ಚಾತ್ಯರಲ್ಲಿ ಇದರ ಪ್ರಸಿದ್ಧ ನಿದರ್ಶನ ರೋಮನ್ ಇತಿಹಾಸಕಾರ ಲಿವಿಯಲ್ಲಿದೆ. ಕ್ರಿ. ಪೂ. ೪೯೪ರಲ್ಲಿ, ಸಾಲದ ಹೊರೆಯಿಂದ ಬೇಸತ್ತ ಸಾಮಾನ್ಯ ಜನರು ನಗರವನ್ನು ತೊರೆದು ಬೆಟ್ಟವನ್ನು ಸೇರಿದರಂತೆ. ಮೆನೇನಿಯಸ್ ಅಗ್ರಿಪ್ಪನೆಂಬವನು ಹೊಟ್ಟೆಯ ಮೇಲೆ ಮುನಿದ ಅವಯವಗಳ ಕಥೆಯನ್ನು ಹೇಳಿ ಅವರನ್ನು ಒಲಿಸಿದನಂತೆ. ಇಷ್ಟನ್ನೇ ನೆನಪಿಡುವುದು ರೂಢಿ. ಆದರೆ ಕಥೆ ಕೇಳಿದ ಮಾತ್ರಕ್ಕೆ ಜನರು ಹಿಂದಿರುಗಲಿಲ್ಲ. ತಮ್ಮನ್ನು ರಕ್ಷಿಸಲು ತಮ್ಮವರೇ ಆದ ಟ್ರಿಬ್ಯೂನರೆಂಬ ಅಧಿಕಾರಿಗಳು ಇರಬೇಕೆಂಬ ಷರತ್ತನ್ನು ಒಪ್ಪಿಸಿಕೊಂಡ ಮೇಲೆಯೇ ಹಿಂದಿರುಗಿದರೆಂದು ಅದೇ ಲಿವಿ ಹೇಳುತ್ತಾನೆ. ಹಾರ್ಬೋ ರೂಪಕವನ್ನು ಉಳಿಸಿಕೊಂಡು ಷರತ್ತನ್ನು ಕೈಬಿಟ್ಟಳು.

ಇತ್ತೀಚಿನ ಎರಡು ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನೂ ವಿಶದವಾಗುತ್ತದೆ. ಕೊರಿಯದ ಬಾಂಗ್ ಜೂನ್-ಹೋ ೨೦೧೩ರಲ್ಲಿ ನಿರ್ದೇಶಿಸಿದ ‘ಸ್ನೋಪಿಯರ್ಸರ್’ ಚಿತ್ರದಲ್ಲಿ ಹಿಮಗಟ್ಟಿದ ಭೂಮಿಯನ್ನು ನಿಲ್ಲದೆ ಸುತ್ತುವ ಒಂದು ರೈಲುಗಾಡಿಯೇ ಉಳಿದ ಮಾನವಕುಲದ ಆಶ್ರಯ. ಬಾಲದ ಡಬ್ಬಿಗಳವರು ಕೀಟಗಳನ್ನು ಅರೆದು ಮಾಡಿದ ಗಟ್ಟಿಗಳನ್ನು ತಿಂದು ಬದುಕುತ್ತಾರೆ. ಅಲ್ಲಿಯೂ ಶರೀರದ ರೂಪಕವುಂಟು: ಟೋಪಿ ತಲೆಗೆ, ಬೂಟು ಕಾಲಿಗೆ, ಅವರವರು ಅವರವರ ಸ್ಥಾನದಲ್ಲಿರಬೇಕೆಂದು ಮೇಸನ್ ಎಂಬ ಅಧಿಕಾರಿಣಿ ಉಪದೇಶಿಸುತ್ತಾಳೆ. ಆದರೆ ಉಪದೇಶ ನಡೆಯುವ ಹೊತ್ತಿನಲ್ಲೇ ಬೂಟು ಎಸೆದ ಬಡವನೊಬ್ಬನ ತೋಳನ್ನು ಶಿಕ್ಷೆಯಾಗಿ ಹೊರಗಿನ ಹಿಮಕ್ಕೆ ಒಡ್ಡಲಾಗಿದೆ. ಮೆಟ್ರೊಪೊಲಿಸಿನಲ್ಲಿ ಪುಣ್ಯವತಿಯ ಬಾಯಲ್ಲಿದ್ದ ರೂಪಕವು ಇಲ್ಲಿ ಪೀಡಕರ ಬಾಯಿಗೆ ಬಂದಿದೆ. ದಂಗೆಯ ಹಿಂದೆ ಬಾಲದವರ ಗುರುವಿಗೂ ರೈಲಿನ ಒಡೆಯನಿಗೂ ಒಳಸಂಚಿತ್ತೆಂಬುದೂ, ಸವೆದುಹೋದ ಯಂತ್ರಭಾಗದ ಸ್ಥಾನದಲ್ಲಿ ಬಡವರ ಪುಟ್ಟ ಮಕ್ಕಳನ್ನು ದುಡಿಸುತ್ತಿರುವರೆಂಬುದೂ ಕೊನೆಗೆ ಬಯಲಾಗುತ್ತವೆ. ಮುಂಭಾಗದ ಸುಖವನ್ನು ಬಾಲದ ಸಂಕಟಕ್ಕೆ ಕಟ್ಟಿರುವ ಹಗ್ಗವನ್ನು ಈ ಚಿತ್ರವು ಮರೆಮಾಡುವುದಿಲ್ಲ. ಆದರೆ ಹಗ್ಗವನ್ನು ಬಿಡಿಸುವ ದಾರಿ ಅದಕ್ಕೂ ತಿಳಿಯದು. ರೈಲೇ ಉರುಳಿ, ಹಿಮದ ಮೇಲೆ ಹೆಜ್ಜೆಯಿಡುವುದನ್ನು ನಾವು ನೋಡುವುದು ಒಬ್ಬ ತರುಣಿಯನ್ನೂ ಒಬ್ಬ ಬಾಲಕನನ್ನೂ ಮಾತ್ರ.

ಅದೇ ವರ್ಷದ ‘ಎಲಿಸಿಯಮ್’ ಚಿತ್ರವನ್ನು ನಿರ್ದೇಶಿಸಿದವನು ನೀಲ್ ಬ್ಲೋಮ್‌ಕ್ಯಾಂಪ್. ೨೧೫೪ರಲ್ಲಿ ಧನಿಕರು ಅಂತರಿಕ್ಷದ ಕೃತಕ ನಂದನದಲ್ಲಿದ್ದು, ಎಲ್ಲ ರೋಗಗಳನ್ನೂ ಗುಣಪಡಿಸುವ ಯಂತ್ರಗಳನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ನಾಯಕ ಮ್ಯಾಕ್ಸ್ ಭೂಮಿಯ ಕಾರ್ಖಾನೆಯೊಂದರ ಕೂಲಿ. ತನ್ನಂಥವರನ್ನು ಹೊಡೆದು ಹತೋಟಿಯಲ್ಲಿಡುವ ಯಂತ್ರಪೋಲೀಸರೇ ಅಲ್ಲಿ ತಯಾರಾಗುವ ಸರಕು. ಕೆಲಸ ಹೋಗುವುದೆಂಬ ಬೆದರಿಕೆಗೆ ಬಗ್ಗಿ ಅವನು ಅಪಾಯಕರ ಕೋಣೆಯನ್ನು ಹೊಗುತ್ತಾನೆ. ಮಾರಕ ವಿಕಿರಣ ತಗುಲಿ ಬಿದ್ದವನಿಂದ ರಶೀತಿಗೆ ರುಜು ಹಾಕಿಸಿಕೊಂಡು ಮಾತ್ರೆಗಳನ್ನು ಕೊಟ್ಟು ಕಳುಹಿಸುತ್ತಾರೆ. ಕರಾರಿನ ನಗ್ನ ಸ್ವರೂಪವನ್ನು ಇದಕ್ಕಿಂತ ಸಂಕ್ಷೇಪವಾಗಿ ತೋರಿಸುವುದು ಕಷ್ಟ. ಆದರೆ ಮುಕ್ತಾಯದಲ್ಲಿ, ಗಣಕಯಂತ್ರದ ದಾಖಲೆ ಬದಲಾದೊಡನೆ ಭೂಮಿಯವರೆಲ್ಲ ಪೌರರಾಗಿ, ವೈದ್ಯಯಂತ್ರಗಳು ತಾವಾಗಿಯೇ ಕೆಳಗಿಳಿದು ಬರುತ್ತವೆ. ರೋಗಿಗಳಿಗೆ ಔಷಧ ದೊರೆಯಿತು, ಸಂತೋಷ. ಮರುದಿನ ಆ ಕಾರ್ಖಾನೆಯ ಬಾಗಿಲನ್ನು ತೆರೆಯುವವರು ಯಾರು, ಆ ಕೋಣೆಯೊಳಕ್ಕೆ ಹೋಗುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

೭

ಇದುವರೆಗಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಈ ಚಿತ್ರಗಳಲ್ಲಿ ಸಾಮಾಜಿಕ ಸತ್ಯವಿರುವುದು ಅವುಗಳ ಭವ್ಯ ಸೌಧಗಳಲ್ಲಾಗಲಿ ಪಾತಾಳಗಳಲ್ಲಾಗಲಿ ಅಲ್ಲ. ಹತ್ತು ಅಂಕೆಯ ಗಡಿಯಾರ, ಮಗುವನ್ನು ಹುದುಗಿಸಿದ ಯಂತ್ರ, ರುಜು ಹಾಕಿದ ರಶೀತಿ ಇಂಥ ಸಣ್ಣ ವಿವರಗಳಲ್ಲಿ. ಸಂಕಟದ ಚಿತ್ರಣದಲ್ಲಿ ತೋರುವ ಧೈರ್ಯವನ್ನು ಅವು ಪರಿಹಾರದ ಚಿತ್ರಣದಲ್ಲಿ ತೋರುವುದಿಲ್ಲ. ಮೆಟ್ರೊಪೊಲಿಸ್ ಒಲವನ್ನು, ಸ್ನೋಪಿಯರ್ಸರ್ ವಿನಾಶವನ್ನು, ಎಲಿಸಿಯಮ್ ಪವಾಡವನ್ನು ಆಶ್ರಯಿಸುತ್ತವೆ. ಎರಡು ಪಕ್ಷಗಳು ಎದುರುಬದುರಾಗಿ ಕುಳಿತು, ಬಲವನ್ನು ಬಲದಿಂದ ಅಳೆದು, ಷರತ್ತುಗಳನ್ನು ಬರೆದು, ಮುರಿದು, ಮತ್ತೆ ಬರೆಯುವ ದೀರ್ಘವೂ ನೀರಸವೂ ಆದ ಕಾರ್ಯಕ್ಕೆ ಇವುಗಳಲ್ಲಿ ಸ್ಥಾನವಿಲ್ಲ. ಎಂಟು ಗಂಟೆಯ ದಿನವು ಎಲ್ಲಿ ಸ್ಥಿರವಾಯಿತೋ ಅಲ್ಲೆಲ್ಲ ಅದು ಸ್ಥಿರವಾದದ್ದು ಮಾತ್ರ ಈ ಕಾರ್ಯದಿಂದಲೇ.

ಚಲಚ್ಚಿತ್ರವು ಶಾಸನಸಭೆಯ ನಡವಳಿಯಲ್ಲ, ಅದರಿಂದ ಇದನ್ನೆಲ್ಲ ನಿರೀಕ್ಷಿಸುವುದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ನ್ಯಾಯವೆಂದೇ ನಮ್ಮ ಉತ್ತರ. ಪ್ರಶ್ನೆಯನ್ನು ಎತ್ತಿದ್ದು ಚಿತ್ರವೇ ಹೊರತು ನಾವಲ್ಲ. ಗಡಿಯಾರವನ್ನು ಅಷ್ಟು ದೊಡ್ಡದಾಗಿ ತೋರಿಸದೆ ಇದ್ದಿದ್ದರೆ ಅದು ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಕಾಲೇಜುಗಳಲ್ಲಿ ಈ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವ ಅಧ್ಯಾಪಕರು, ಧನಿಕ-ದರಿದ್ರರ ಅಂತರವು ಎಷ್ಟು ಘೋರವೆಂದು ಕೇಳುವುದರ ಜೊತೆಗೆ, ಕೊನೆಯಲ್ಲಿ ಕೈಕುಲುಕಿದವರು ಯಾವ ಮಾತಿಗೆ ಒಪ್ಪಿ ಕೈಕುಲುಕಿದರೆಂದೂ ಕೇಳಬೇಕು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಮೆಟ್ರೊಪೊಲಿಸ್ ತನ್ನ ಮುಕ್ತಾಯದ ದೌರ್ಬಲ್ಯವನ್ನೂ ಮೀರಿ, ೧೯೨೦ರ ದಶಕದ ಜರ್ಮನಿಯ ಚರಿತ್ರೆಗೆ ಒಂದು ಬೆಲೆಯುಳ್ಳ ಸಾಕ್ಷ್ಯವಾಗಿ ನಿಲ್ಲುತ್ತದೆ.